ನೆನಪಿಗೆ ಮುಖ ಬೇಕೆ?

ಬೆಟಗೇರಿಯ ವೀರಗಲ್ಲುಗಳ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಒಂದು ಸಂಗತಿ ಹೊಳೆಯುತ್ತದೆ. 9-10ನೆಯ ಶತಮಾನದವೆಂದು ವಿದ್ವಾಂಸರು ಗುರುತಿಸಿರುವ ಈ ಕಲ್ಲುಗಳಲ್ಲಿ ಕೆಲವು ಆಳೆತ್ತರವನ್ನು ಮೀರಿ ನಿಂತಿವೆ. ಮೈತುಂಬ ಕೆತ್ತನೆಯಿದೆ. ಕಾದುವವರಿದ್ದಾರೆ, ಸತ್ತವರಿದ್ದಾರೆ, ಸತ್ತವರನ್ನು ಕರೆದೊಯ್ಯಲು ಬಂದ ದೇವಕನ್ಯೆಯರಿದ್ದಾರೆ. ಆದರೆ ಒಬ್ಬ ವೀರನ ಮುಖವನ್ನು ಇನ್ನೊಬ್ಬ ವೀರನ ಮುಖದಿಂದ ಬೇರೆ ಮಾಡಿ ಹೇಳುವುದು ಕಷ್ಟ. ಮಳೆಗಾಳಿಗೆ ಸವೆದದ್ದು ಇದಕ್ಕೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಕೆತ್ತಿದವನಿಗೇ ಮುಖ ಬೇಕಾಗಿರಲಿಲ್ಲ ಎಂಬುದು. ಸತ್ತವನ ಮೂಗು ಹೇಗಿತ್ತು, ಮೀಸೆ ಎಷ್ಟಿತ್ತು ಎನ್ನುವುದು ಅವನ ಚಿಂತೆಯಾಗಿರಲಿಲ್ಲ. ಸತ್ತವನು ಏನು ಮಾಡಿ ಸತ್ತ ಎಂಬುದೇ ಅವನಿಗೆ ಮುಖ್ಯವಾಗಿತ್ತು.

ಇವತ್ತು ನಮ್ಮ ಊರುಗಳಲ್ಲಿ ಲೆಕ್ಕ ತಿರುಗಿದೆ. ಸ್ಮಾರಕ ಎಂದರೆ ಪುತ್ಥಳಿ, ಪುತ್ಥಳಿ ಎಂದರೆ ಮುಖ ಎಂಬಂತಾಗಿದೆ. ಯಾವುದೇ ತಾಲ್ಲೂಕು ಕೇಂದ್ರಕ್ಕೆ ಹೋಗಿ, ಬಸ್ಸು ಇಳಿಯುವ ಮೊದಲೇ ಸರ್ಕಲ್ಲಿನಲ್ಲಿ ಒಂದು ಕುದುರೆಯೋ ಒಂದು ಎತ್ತಿದ ಕೈಯೋ ಕಾಣುತ್ತದೆ. ಗದುಗಿನ ಭೀಷ್ಮ ಕೆರೆಯ ದಂಡೆಯಲ್ಲಿ ನೂರು ಅಡಿಗೂ ಎತ್ತರದ ಬಸವೇಶ್ವರ ಮೂರ್ತಿ ನಿಂತಿದೆ. ಊರಿಗೆ ಬರುವವರಿಗೆ ದೂರದಿಂದಲೇ ಕಾಣುವ ಗುರುತು ಅದು. ಯಾರ ಪುತ್ಥಳಿ, ಯಾವ ಸರ್ಕಲ್ಲಿನಲ್ಲಿ, ಎಷ್ಟು ಎತ್ತರ ಎಂಬ ಪ್ರಶ್ನೆಗಳಿಗೆ ಊರುಗಳು ಮೆರವಣಿಗೆ ತೆಗೆಯುತ್ತವೆ, ಕೆಲವೊಮ್ಮೆ ಕಲ್ಲನ್ನೂ ತೂರುತ್ತವೆ. ಹಾಗಾಗಿ ಸ್ಮಾರಕ ಹೇಗಿರಬೇಕು ಎನ್ನುವುದನ್ನು ಶಿಲ್ಪಿಗಳಿಗೂ ವಾಸ್ತುಶಿಲ್ಪಿಗಳಿಗೂ ಬಿಟ್ಟು ಸುಮ್ಮನಿರಲು ಆಗುವುದಿಲ್ಲ. ಅದು ಒಂದೇ ಓಣಿಯಲ್ಲಿ ಬದುಕುವವರ ಪ್ರಶ್ನೆ.

ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ನಮ್ಮಂಥವರಿಗೆ ‘ಸ್ಮಾರಕ’ಕ್ಕಿಂತ ಮೊದಲು ‘ಯಾದಗಾರ್’ ಎಂಬ ಮಾತು ಸಿಕ್ಕಿತ್ತು. ಎರಡೂ ನೆನಪಿನಿಂದಲೇ ಹುಟ್ಟಿದ ಮಾತುಗಳು. ಇನ್ನೊಂದು ಮಾತು ‘ಮಜಾರ್’. ಅರಬ್ಬಿ ಮೂಲದಲ್ಲಿ ಅದರ ಅರ್ಥ ‘ಹೋಗಿ ಕಾಣುವ ಜಾಗ’ ಎಂದು. ಸತ್ತವನು ಯಾರು, ಹೇಗಿದ್ದ ಎಂದು ಆ ಮಾತು ಹೇಳುವುದಿಲ್ಲ. ಬದುಕಿದವನು ಏನು ಮಾಡಬೇಕು ಎಂದು ಹೇಳುತ್ತದೆ. ನಮ್ಮ ಸೀಮೆಯ ಹಳೆಯ ಸ್ಮಾರಕಗಳನ್ನೆಲ್ಲ ಈ ಮಾತಿನ ಬೆಳಕಿನಲ್ಲಿ ನೋಡಬಹುದು ಎಂದು ನಮಗನ್ನಿಸುತ್ತದೆ.

*

ವೀರಗಲ್ಲಿಗೆ ಒಂದು ವ್ಯಾಕರಣವಿದೆ. ಸಾಮಾನ್ಯವಾಗಿ ಅದು ಮೂರು ಅಂತಸ್ತಿನದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಬಹಳ ಸಲ ಅದು ರಾಜ್ಯ ಗೆಲ್ಲುವ ಯುದ್ಧವಲ್ಲ, ಊರಿನ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದ ತುರುಗಾಳಗ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕುಳಿತಿರುತ್ತಾನೆ. ವೀರ ಜೈನನಾಗಿದ್ದರೆ ಅಲ್ಲಿ ಜಿನನಿರಬಹುದು. ತುದಿಯಲ್ಲಿ ಸೂರ್ಯ ಚಂದ್ರ. ಅವೆರಡೂ ಇರುವವರೆಗೆ ಈ ನೆನಪು ಇರಲಿ ಎಂಬ ಹಾರೈಕೆ ಅದು. ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಬರಹವಿದ್ದರೆ ಅದರಲ್ಲಿ ಹೆಸರು, ಊರು, ಸತ್ತ ಸಂದರ್ಭ.

ಹೀಗೆ ನೋಡಿದರೆ ವೀರಗಲ್ಲು ಕಥೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತದೆ, ಆಳಿನ ಚಹರೆಯನ್ನು ಮಾತ್ರ ಬಿಟ್ಟುಬಿಡುತ್ತದೆ. ಕಥೆ ಸ್ಪಷ್ಟವಾಗಿದ್ದರೆ ಸಾಕು, ಸತ್ತವನು ಮನುಷ್ಯನೇ ಆಗಿರಬೇಕೆಂದೂ ಇರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ನೆನೆಯುವುದು ಕಾಳಿ ಎಂಬ ಬೇಟೆನಾಯಿಯನ್ನು. ಕ್ರಿ.ಶ. 949-50ರ ಹೊತ್ತಿನ ಆ ಕಲ್ಲಿನಲ್ಲಿ ನಾಯಿ ಹಂದಿಯ ಮೇಲೆ ಬಿದ್ದ ಚಿತ್ರವಿದೆ. ಹೋರಾಡಿ ಸತ್ತ ಆ ನಾಯಿಗಾಗಿ ಅದರ ಒಡೆಯ ಕಲ್ಲು ನಿಲ್ಲಿಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಇದೇ ನಾಡಿನಲ್ಲಿ ಇನ್ನೂ ಮುಂದಕ್ಕೆ ಹೋಗಿ, ಕಥೆಯನ್ನೂ ಬಿಟ್ಟು ಬರಿಯ ಗುರುತಿಗೆ ಇಳಿದ ಕಲ್ಲುಗಳಿವೆ. ಮಾಸ್ತಿಕಲ್ಲಿನ ಮೇಲೆ ಬಹಳ ಸಲ ಒಂದು ಕಂಬ, ಕಂಬದಿಂದ ಚಾಚಿ ಮೇಲೆದ್ದ ಒಂದು ತೋಳು, ತೋಳಿನಲ್ಲಿ ಬಳೆ. ಅಷ್ಟೇ. ಸಲ್ಲೇಖನದಿಂದ ದೇಹ ಬಿಟ್ಟ ಜೈನ ಯತಿಗಳ ನಿಸಿದಿಗಳಲ್ಲಿ ಕೆಲವೆಡೆ ಎರಡು ಪಾದಗಳು ಮಾತ್ರ. ಹೋದವರ ಹೆಜ್ಜೆ ಉಳಿದಿದೆ, ಹೋದವರು ಇಲ್ಲ. ಪುಲಿಗೆರೆ ಎಂಬ ಹೆಸರಿನಲ್ಲಿ ಪಂಪನಿಗೂ ಪ್ರಿಯವಾಗಿದ್ದ ನಮ್ಮ ಲಕ್ಷ್ಮೇಶ್ವರದ ಶಂಖ ಬಸದಿಯಲ್ಲಿ ಸಹಸ್ರಕೂಟ ಜಿನಬಿಂಬವಿದೆ. ಒಂದೇ ಕಲ್ಲಿನಲ್ಲಿ ಸಾಲುಸಾಲಾಗಿ ಪುಟ್ಟ ಪುಟ್ಟ ಜಿನರು, ಎಲ್ಲರೂ ಒಂದೇ ತೆರ. ತೀರ್ಥಂಕರರ ದೊಡ್ಡ ಬಿಂಬಗಳಲ್ಲೂ ಇವರು ಯಾರು ಎಂದು ಗುರುತಿಸುವುದು ಬಹುಮಟ್ಟಿಗೆ ಪೀಠದ ಮೇಲಿನ ಲಾಂಛನದಿಂದ. ಎತ್ತಿದ್ದರೆ ವೃಷಭನಾಥ, ಸಿಂಹವಿದ್ದರೆ ಮಹಾವೀರ. ಮೂರ್ತಿ ಇದ್ದ ಕಡೆಯೂ ಮುಖದ ಸಾಮ್ಯವನ್ನು ಯಾರೂ ಕೇಳಿರಲಿಲ್ಲ.

ಆದರೆ ಇಷ್ಟಕ್ಕೇ ಮರುಳಾಗಿ, ಹಳೆಯದೆಲ್ಲ ಚೆನ್ನ, ಮುಖ ಬಿಟ್ಟದ್ದೆಲ್ಲ ಘನ ಎಂದು ಹೊಗಳಲು ನಮಗೆ ಮನಸ್ಸಿಲ್ಲ. ಮಾಸ್ತಿಕಲ್ಲಿನ ಆ ತೋಳು ನೋಡಲು ಸೊಗಸಾಗಿದೆ. ಅದರ ಹಿಂದೆ ಬೆಂಕಿ ಇದೆ. ಬೆಂದ ಹೆಣ್ಣಿನ ಮುಖವನ್ನು ಕೆತ್ತಿದ್ದರೆ ನೋಡುವವರು ಕಣ್ಣು ತಪ್ಪಿಸಬೇಕಾಗುತ್ತಿತ್ತೇನೋ. ಬಳೆ ತೊಟ್ಟ ತೋಳಿಗೆ ಕೈ ಮುಗಿಯುವುದು ಸುಲಭ. ಸಂಕೇತವೂ ಸುಳ್ಳು ಹೇಳಬಲ್ಲದು, ನೋವನ್ನು ಒರೆಸಿ ಪೂಜೆಯನ್ನು ಮಾತ್ರ ಉಳಿಸಬಲ್ಲದು. ಗದುಗಿಗೆ ಸಮೀಪದ ಲಕ್ಕುಂಡಿಯ ಅತ್ತಿಮಬ್ಬೆಯ ಕಥೆ ಇಲ್ಲಿ ನೆನಪಾಗುತ್ತದೆ. ಗಂಡ ನಾಗದೇವ ಯುದ್ಧದಲ್ಲಿ ಮಡಿದಾಗ ಅವನ ಇನ್ನೊಬ್ಬ ಹೆಂಡತಿ, ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ, ಚಿತೆಯೇರಿದಳು. ಅತ್ತಿಮಬ್ಬೆ ಬದುಕಿ ಮಗನನ್ನು ಬೆಳೆಸಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನ ಅವಳ ಆಶ್ರಯದಲ್ಲಿ ಅಜಿತಪುರಾಣ ಬರೆದ. ಬದುಕಿದವಳು ತನ್ನ ನೆನಪನ್ನು ಪುಸ್ತಕಗಳಲ್ಲಿ ಬಿಟ್ಟುಹೋದಳು. ಸತ್ತವಳ ಹೆಸರು ನಮಗೆ ತಿಳಿದಿರುವುದೂ ಅವಳಿಂದಾಗಿ ಹುಟ್ಟಿದ ಆ ಪುಸ್ತಕದಿಂದಲೇ.

*

ಮೂರ್ತಿ ಹಿಂದೂಗಳದು, ಮೂರ್ತಿಯಿಲ್ಲದ್ದು ಮುಸ್ಲಿಮರದು ಎಂದು ಮಾತು ಮುಗಿಸುವವರಿದ್ದಾರೆ. ಈ ಸೀಮೆಯಲ್ಲಿ ನಾಲ್ಕು ದಿನ ಓಡಾಡಿದರೆ ಆ ಮಾತು ನಿಲ್ಲುವುದಿಲ್ಲ.

ಚಿತ್ರ-ಮೂರ್ತಿಗಳ ಬಗ್ಗೆ ಇಸ್ಲಾಮಿನ ಧಾರ್ಮಿಕ ಚಿಂತನೆಯಲ್ಲಿ ಅಳುಕು ಇರುವುದು ನಿಜ. ಮಸೀದಿಯಲ್ಲಿ, ಗೋರಿಯ ಮೇಲೆ ಮನುಷ್ಯರೂಪ ಇರುವುದಿಲ್ಲ. ಲಕ್ಷ್ಮೇಶ್ವರದ ಜಾಮಿಯಾ ಮಸೀದಿಯನ್ನು 1617ರಲ್ಲಿ ಬಿಜಾಪುರದ ಆಡಳಿತದ ಅಂಕುಶಖಾನ ಕಟ್ಟಿಸಿದ. ಅವನನ್ನು ನೆನೆಯಲು ಅಲ್ಲಿರುವುದು ಅವನು ಕಟ್ಟಿಸಿದ ಕಟ್ಟಡ, ಅವನ ಚಹರೆಯಲ್ಲ. ಆದರೆ ಅದೇ ಕಾಲಕ್ಕೆ ಬಿಜಾಪುರದಲ್ಲಿ ಆಳುತ್ತಿದ್ದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಮುಖ ನಮಗೆ ಚೆನ್ನಾಗಿ ಗೊತ್ತು. ಅವನ ಆಸ್ಥಾನದ ಚಿತ್ರಕಾರರು ಅವನನ್ನು ಮತ್ತೆ ಮತ್ತೆ ಬರೆದಿದ್ದಾರೆ. ಹೀಗೆ ಬರೆಸಿಕೊಂಡ ಸುಲ್ತಾನನ ಗೋರಿಯಿರುವ ಇಬ್ರಾಹಿಂ ರೋಜಾದ ಗೋಡೆಯ ಮೇಲೆ ಇರುವುದು ಅಕ್ಷರಗಳು, ಬಳ್ಳಿಗಳು, ರೇಖೆಗಳು. ಮುಖ ಪುಸ್ತಕದ ಹಾಳೆಗೆ, ಮಾತು ಗೋರಿಗೆ. ಯಾವುದಕ್ಕೆ ಯಾವ ಜಾಗ ಎಂಬ ವಿವೇಕ ಅವರಿಗಿತ್ತು.

ಇನ್ನು ಲಿಂಗಾಯತ ಮಠಗಳ ಗದ್ದುಗೆಗಳನ್ನು ನೋಡಿ. ಅಲ್ಲಿ ಮುಖ್ಯವಾದುದು ಶರಣ ಅಡಗಿದ ಜಾಗ. ಶಿರಹಟ್ಟಿಯ ಫಕೀರೇಶ್ವರ ಮಠ ಈ ಮಾತಿಗೆ ಹೇಳಿ ಮಾಡಿಸಿದ ನಿದರ್ಶನ. ಬಿಜಾಪುರದ ಸೂಫಿ ಖ್ವಾಜಾ ಅಮೀನುದ್ದೀನರ ಆಶೀರ್ವಾದದಿಂದ ಬೆಳೆದ ಚನ್ನವೀರನೇ ಫಕೀರೇಶ್ವರನಾದ ಎಂಬುದು ಮಠದ ಐತಿಹ್ಯ. ಅಲ್ಲಿಯ ಸ್ವಾಮಿಗಳ ಹೆಸರಿನ ಮುಂದೆ ಇವತ್ತಿಗೂ ‘ಫಕೀರ’ ಎಂದು ಇರುತ್ತದೆ. ಲಕ್ಷ್ಮೇಶ್ವರದ ದೂದನಾನಾ ದರ್ಗಾಕ್ಕೆ ಸಕ್ಕರೆ ಓದಿಸಲು ಹೋಗುವವರು, ಶಿರಹಟ್ಟಿಯ ಗದ್ದುಗೆಗೆ ಕಾಯಿ ಒಡೆಸಲು ಹೋಗುವವರು ಬೇರೆ ಬೇರೆ ಜನರಲ್ಲ. ಆ ಎರಡೂ ಕಡೆ ಹಣೆ ಹಚ್ಚಲು ಯಾರಿಗೂ ಮುಖ ಬೇಕಾಗಿಲ್ಲ.

ಮೊಹರಮ್ಮಿನ ಮಾತನ್ನು ಹೇಳದೆ ಈ ವಿಷಯ ಪೂರ್ತಿಯಾಗದು. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನಡೆದ ದುರಂತಕ್ಕೆ ನಮ್ಮ ಹಳ್ಳಿಗಳಲ್ಲಿ ಪ್ರತಿವರ್ಷ ಒಂದು ಸ್ಮಾರಕ ಎದ್ದು ನಿಲ್ಲುತ್ತದೆ. ಹತ್ತು ದಿನ ಇದ್ದು ಮರೆಯಾಗುತ್ತದೆ. ಕೋಲಿನ ತುದಿಯ ಲೋಹದ ಪಂಜಾ, ಬಣ್ಣದ ಬಟ್ಟೆ, ಎದುರಿಗೆ ಅಲಾವಿಯ ಬೆಂಕಿ, ಕನ್ನಡದಲ್ಲಿ ರಿವಾಯತ ಪದ. ಮುಸ್ಲಿಮರ ಮನೆ ಒಂದೂ ಇಲ್ಲದ ಊರುಗಳಲ್ಲೂ ಈ ‘ದೇವರು’ ಕೂಡುತ್ತವೆ. ಬಾಯಾರಿದ ಮಕ್ಕಳಿಗೆ ನೀರು ತರಲು ಹೋದ ಅಬ್ಬಾಸರ ಕೈಗಳನ್ನು ಕಡಿದರೆಂಬ ಕಥೆಯನ್ನು ಆ ಪಂಜಾ ನೆನಪಿಸುತ್ತದೆ. ಬಳೆ ತೊಟ್ಟ ಮಾಸ್ತಿಕಲ್ಲಿನ ತೋಳು ಒಂದೆಡೆ, ಈ ಲೋಹದ ಅಂಗೈ ಇನ್ನೊಂದೆಡೆ. ಎರಡರ ಹುಟ್ಟೂ ಬೇರೆ, ಅರ್ಥವೂ ಬೇರೆ. ಆದರೂ ಕೈಯೊಂದನ್ನು ತೋರಿಸಿ ಇಡೀ ಜೀವವನ್ನು ನೆನೆಯುವುದು ಈ ನೆಲದ ಜನಕ್ಕೆ ಹೊಸ ಪಾಠವಾಗಿರಲಿಲ್ಲ. ಪಂಜಾ ಇಷ್ಟು ಸಲೀಸಾಗಿ ಎಲ್ಲರ ಮನೆಯದಾಗಲು ಇದೂ ಒಂದು ಕಾರಣವಿದ್ದೀತು.

ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಷರೀಫರ (1819-1889) ಗದ್ದುಗೆ ಇದೆ. ಹಿಂದೂಗಳೂ ಮುಸ್ಲಿಮರೂ ತಮ್ಮ ತಮ್ಮ ರೀತಿಯಲ್ಲಿ ಅಲ್ಲಿ ನಡೆದುಕೊಳ್ಳುತ್ತಾರೆ. ಷರೀಫರ ಮುಖ ಎಂದರೆ ನಮ್ಮ ತಲೆಮಾರಿನವರ ಕಣ್ಣಿಗೆ ಬರುವುದು 1990ರ ನಾಗಾಭರಣರ ಸಿನಿಮಾದಲ್ಲಿ ಅಭಿನಯಿಸಿದ ಶ್ರೀಧರರ ಮುಖ. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ನಟನ ಒಳ್ಳೆಯ ಮುಖ. ಆದರೆ ಷರೀಫರನ್ನು ನೂರಕ್ಕೂ ಹೆಚ್ಚು ವರ್ಷ ಹೊತ್ತು ತಂದದ್ದು ಮುಖವಲ್ಲ, ಭಜನೆಯವರ ಗಂಟಲು.

*

ಹಾಗಾದರೆ ಮುಖ ಯಾವಾಗ ಇಷ್ಟು ದೊಡ್ಡದಾಯಿತು? ದೇವಾಲಯದ ಮೂರ್ತಿ ನಮ್ಮಲ್ಲಿ ಹಳೆಯದು. ಊರ ನಡುವಿನ ಕಟ್ಟೆಯ ಮೇಲೆ ಸತ್ತ ವ್ಯಕ್ತಿಯ ಚಹರೆಯನ್ನು ತದ್ವತ್ತಾಗಿ ನಿಲ್ಲಿಸುವ ಪದ್ಧತಿ ನಮ್ಮ ಸೀಮೆಗೆ ಹೊಸದು. ಅದು ಬಂದದ್ದು ಇಂಗ್ಲಿಷರ ಕಾಲದಲ್ಲಿ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ 1906ರಲ್ಲಿ ಅನಾವರಣಗೊಂಡಿತು. ಆಳುವವರು ತಮ್ಮ ಮುಖಗಳನ್ನು ನಿಲ್ಲಿಸಿದರು. ಆಳಿಸಿಕೊಂಡವರು ತಮ್ಮವರ ಮುಖಗಳನ್ನು ನಿಲ್ಲಿಸಬೇಕೆಂದರು. ಅದು ಸಹಜವೂ ನ್ಯಾಯವೂ ಆದ ಆಸೆಯೇ. 1824ರಲ್ಲಿ ಕಿತ್ತೂರಿನಲ್ಲಿ ಮಡಿದ ಥ್ಯಾಕರೆಗೆ ಕಂಪನಿಯವರು ಧಾರವಾಡದಲ್ಲಿ ಸ್ಮಾರಕ ಎತ್ತಿದ್ದರು. ಅವನ ಸೇನೆಯನ್ನು ಸೋಲಿಸಿದ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ಸೆರೆಯಲ್ಲೇ ತೀರಿಕೊಂಡಳು. ಅವಳು ಕುದುರೆಯೇರಿ ಹುಬ್ಬಳ್ಳಿಯ ನಡುವೆ ನಿಂತದ್ದಕ್ಕೆ, 2007ರಲ್ಲಿ ಸಂಸತ್ ಭವನದ ಆವರಣಕ್ಕೆ ಹೋದದ್ದಕ್ಕೆ ಸಂತೋಷಪಡದ ಕನ್ನಡಿಗರಿಲ್ಲ.

ಪ್ರತಿಮೆಯ ಜೊತೆಗೆ ಅಚ್ಚಿನ ಮೊಳೆಯೂ ಬಂತು. ಮುದ್ರಣಕಾಶಿ ಎಂದು ಹೆಸರಾದ ಗದುಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪುಸ್ತಕದ ರಕ್ಷಾಪುಟ, ಕ್ಯಾಲೆಂಡರು, ಗೋಡೆಯ ಪಟ ಇವೆಲ್ಲ ಶತಮಾನಗಳ ಹಿಂದೆ ಬಾಳಿದವರಿಗೆ ಒಂದೊಂದು ಮುಖ ಕೊಟ್ಟವು. 1913ರಲ್ಲಿ ಹರ್ಡೇಕರ್ ಮಂಜಪ್ಪನವರೂ ಮೃತ್ಯುಂಜಯಪ್ಪಗಳೂ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಶುರುಮಾಡಿದರು. ಜಯಂತಿಗೆ ಮೆರವಣಿಗೆ ಬಂತು, ಮೆರವಣಿಗೆಗೆ ಭಾವಚಿತ್ರ ಬೇಕಾಯಿತು. 2024ರಲ್ಲಿ ಕರ್ನಾಟಕ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿ ಕಚೇರಿಗಳಲ್ಲಿ ಅವರ ಭಾವಚಿತ್ರ ಇಡಲು ಆದೇಶಿಸಿತು. ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದ ಶರಣರಿಗೆ ನಾವು ಕೊಡುತ್ತಿರುವ ಗೌರವ ಇಂದು ಹೆಚ್ಚೆಚ್ಚು ಸ್ಥಾವರವಾಗುತ್ತಿದೆ. ಕೂಡಲಸಂಗಮದಲ್ಲಿ ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನ ನಡುವೆ ಬಾವಿಯಂಥ ಗೋಡೆ ಕಟ್ಟಿ ಉಳಿಸಿದ ಐಕ್ಯಮಂಟಪದೊಳಕ್ಕೆ ಮೆಟ್ಟಿಲಿಳಿದು ಹೋದವರು ಅಲ್ಲಿ ದನಿ ತಗ್ಗಿಸುತ್ತಾರೆ. ಎತ್ತರದ ಮೂರ್ತಿಯ ಮುಂದೆ ನಿಂತವರು ಮೊಬೈಲು ತೆಗೆಯುತ್ತಾರೆ. ಭಕ್ತಿ ಕಡಿಮೆಯಾಗಿ ಹೀಗಾಗುತ್ತಿದೆ ಎನ್ನಲಾಗದು. ಜಾಗ ಏನನ್ನು ಕೇಳುತ್ತದೋ ಜನ ಅದನ್ನು ಮಾಡುತ್ತಾರೆ.

ಗದುಗಿನ ವೀರನಾರಾಯಣ ಗುಡಿಯಲ್ಲಿಯೂ ಹೀಗೇ. ಕುಮಾರವ್ಯಾಸ ಒದ್ದೆಬಟ್ಟೆಯಲ್ಲಿ ಕುಳಿತು ಭಾರತವನ್ನು ನುಡಿದನೆಂದು ಜನ ನಂಬುವ ಕಂಬ ಒಂದಿದೆ. ಆ ಕಂಬಕ್ಕೆ ಕೈ ಹಚ್ಚಿ ಹೋಗುವವರಿಗೆ ಕವಿಯ ಮುಖದ ಕೊರತೆ ಕಾಡುವುದಿಲ್ಲ.

*

ಈ ಜಗಳ ನಮ್ಮ ಸರ್ಕಲ್ಲುಗಳದು ಮಾತ್ರವಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ 1920ರಲ್ಲಿ ಲುಟೆನ್ಸ್ ವಿನ್ಯಾಸದ ಸೆನೊಟಾಫ್ ಎದ್ದಿತು. ಹೆಸರಿನ ಅರ್ಥವೇ ಬರಿದಾದ ಗೋರಿ. ಅದರ ಮೇಲೆ ಸೈನಿಕನ ಪ್ರತಿಮೆಯಿಲ್ಲ, ಶಿಲುಬೆಯೂ ಇಲ್ಲ. ಸತ್ತವರಲ್ಲಿ ಹಿಂದೂಗಳು, ಮುಸ್ಲಿಮರು, ಸಿಖ್ಖರು, ಯೆಹೂದಿಗಳು ಎಲ್ಲ ಇದ್ದರು, ಅವರೆಲ್ಲರಿಗೂ ಒಂದೇ ಕಲ್ಲು ಸಾಕಾಗಬೇಕಿತ್ತು. ಅದೇ ಲುಟೆನ್ಸ್ ದೆಹಲಿಯಲ್ಲಿ ಕಟ್ಟಿಸಿದ ಇಂಡಿಯಾ ಗೇಟ್ 1931ರಲ್ಲಿ ಅನಾವರಣಗೊಂಡಿತು. ಅದರ ಮೈಮೇಲೆ ಹದಿಮೂರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಎದುರಿನ ಮಂಟಪದಲ್ಲಿ 1936ರಲ್ಲಿ ಐದನೆಯ ಜಾರ್ಜ್ ದೊರೆಯ ಪ್ರತಿಮೆ ಬಂತು, 1968ರಲ್ಲಿ ಹೋಯಿತು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಮಂಟಪ ಬರಿದಾಗಿತ್ತು. ಹೋದ ದೊರೆತನಕ್ಕೆ ಆ ಬರಿದುತನಕ್ಕಿಂತ ಒಳ್ಳೆಯ ಸ್ಮಾರಕ ಬೇರೆ ಇರಲಿಲ್ಲ. 2022ರಲ್ಲಿ ಅಲ್ಲಿ ನೇತಾಜಿಯವರ 28 ಅಡಿಯ ಕಪ್ಪುಕಲ್ಲಿನ ಪ್ರತಿಮೆ ಬಂತು. ನೇತಾಜಿಯವರ ಮೇಲಿನ ಗೌರವ ಯಾರಿಗೂ ಕಡಿಮೆಯಿಲ್ಲ. ಆದರೆ ಪ್ರತಿಮೆ ಬಂತೆಂದರೆ ಬರಿದು ಮಂಟಪ ಹೇಳುತ್ತಿದ್ದ ಮಾತು ನಿಂತುಹೋಗುತ್ತದೆ.

ಅಮೆರಿಕದಲ್ಲಿ ಜಗಳ ಬಾಯಿಬಿಟ್ಟೇ ನಡೆಯಿತು. ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ಮಾಯಾ ಲಿನ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿನಿ ಸೂಚಿಸಿದ್ದು ನೆಲಕ್ಕಿಳಿದ ಎರಡು ಕಪ್ಪು ಗೋಡೆ, ಅದರ ಮೇಲೆ ಸತ್ತ ಕ್ರಮದಲ್ಲಿ ಹೆಸರುಗಳು, ಇಂದಿಗೆ 58 ಸಾವಿರಕ್ಕೂ ಹೆಚ್ಚು. ಇದು ಸ್ಮಾರಕವಲ್ಲ, ಅವಮಾನದ ಗುಂಡಿ ಎಂದು ಕೆಲವರು ಸಿಟ್ಟಾದರು. ಗೋಡೆ 1982ರಲ್ಲಿ ಮುಗಿಯಿತು. ಸಿಟ್ಟಾದವರ ಸಮಾಧಾನಕ್ಕೆ ಮೂವರು ಸೈನಿಕರ ಕಂಚಿನ ಪ್ರತಿಮೆಯನ್ನು 1984ರಲ್ಲಿ ಹತ್ತಿರವೇ ನಿಲ್ಲಿಸಿದರು. ಇವತ್ತು ಆ ಗೋಡೆಗೆ ಬರುವವರು ತಮ್ಮವನ ಹೆಸರನ್ನು ಹುಡುಕುತ್ತಾರೆ, ಬೆರಳಿಂದ ಸವರುತ್ತಾರೆ, ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಕ್ಷರವನ್ನು ಮನೆಗೆ ಒಯ್ಯುತ್ತಾರೆ. ಮಿರುಗುವ ಕಲ್ಲಿನಲ್ಲಿ ಅವರ ಮುಖವೇ ಅವರಿಗೆ ಕಾಣುತ್ತದೆ.

*

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಹಾಗಾದರೆ ಅಂಬೇಡ್ಕರ್ ಪ್ರತಿಮೆ?

ಕೊಲ್ಹಾಪುರದ ಬಿಂದು ಚೌಕದಲ್ಲಿ 1950ರಲ್ಲಿ, ಅವರು ಬದುಕಿದ್ದಾಗಲೇ, ಬಾಬಾಸಾಹೇಬರ ಪ್ರತಿಮೆ ನಿಂತಿತು, ಪಕ್ಕದಲ್ಲಿ ಜೋತಿಬಾ ಫುಲೆ. ಇವತ್ತು ನಮ್ಮ ದಲಿತ ಕೇರಿಗಳ ಬಾಯಲ್ಲಿ ನಿಂತಿರುವ ಸೂಟುಬೂಟಿನ, ಕನ್ನಡಕದ, ಕೈಯಲ್ಲಿ ಗ್ರಂಥ ಹಿಡಿದ ಆ ಮೂರ್ತಿಯಲ್ಲಿ ಒಂದೊಂದು ವಿವರವೂ ಮಾತಾಡುತ್ತದೆ. ಮೈತುಂಬ ಬಟ್ಟೆ ಹಾಕಬಾರದು ಎಂದವರಿಗೆ ಆ ಕೋಟು ಉತ್ತರ. ಓದಬಾರದು ಎಂದವರಿಗೆ ಆ ಪುಸ್ತಕ ಉತ್ತರ. ತಲೆ ತಗ್ಗಿಸಿ ನಡೆ ಎಂದವರಿಗೆ ಎತ್ತಿದ ಬೆರಳು ಉತ್ತರ. ಅಲ್ಲಿ ಒಂದು ಕಂಬವನ್ನೋ ಗೋಡೆಯನ್ನೋ ನಿಲ್ಲಿಸಿ, ಅದು ಹೆಚ್ಚು ಕಲಾತ್ಮಕ ಎಂದು ಹೇಳುವುದು ಕ್ರೌರ್ಯವಾಗುತ್ತದೆ. ಮುಖವನ್ನೇ ನೋಡಬಾರದೆಂದು ದೂರ ಇಟ್ಟವರ ಮುಖವನ್ನು ಊರ ನಡುವೆ ನಿಲ್ಲಿಸುವುದು ನ್ಯಾಯ. ಆ ಮುಖವೂ ಕಲ್ಪನೆಯದಲ್ಲ, ಛಾಯಾಚಿತ್ರಗಳಲ್ಲಿ ಜಗತ್ತು ಕಂಡದ್ದು. ರಾತ್ರಿಯಲ್ಲಿ ಬಂದು ಅದನ್ನು ವಿಕಾರಗೊಳಿಸುವವರಿಗೂ ಅದರ ಮಾತು ಚೆನ್ನಾಗಿ ಕೇಳಿಸಿದೆ.

ಅದೇ ಸಮುದಾಯ ಇನ್ನೊಂದು ಬಗೆಯ ಸ್ಮಾರಕವನ್ನೂ ತನ್ನದಾಗಿಸಿಕೊಂಡಿದೆ. ಪುಣೆಯ ಬಳಿಯ ಕೋರೆಗಾಂವ್ ಸ್ತಂಭವನ್ನು ಕಟ್ಟಿಸಿದ್ದು ಕಂಪನಿ, 1818ರಲ್ಲಿ ಪೇಶ್ವೆಯ ಸೇನೆಯೊಂದಿಗೆ ನಡೆದ ಕಾಳಗದಲ್ಲಿ ಮಡಿದ ತನ್ನ ಸೈನಿಕರಿಗಾಗಿ. ಅದರ ಮೇಲೆ ಮುಖಗಳಿಲ್ಲ, ಹೆಸರುಗಳಿವೆ. ‘ನಾಕ’ ಎಂದು ಮುಗಿಯುವ ಆ ಹೆಸರುಗಳು ಮಹಾರ್ ಸೈನಿಕರವು. 1927ರ ಜನವರಿ 1ರಂದು ಅಂಬೇಡ್ಕರ್ ಅಲ್ಲಿಗೆ ಹೋದರು. ಅಂದಿನಿಂದ ಕಂಪನಿಯ ಜಯಸ್ತಂಭ ಬೇರೆಯವರ ಸ್ವಾಭಿಮಾನದ ಕಂಬವಾಯಿತು. ಕೆತ್ತಿದ ಹೆಸರು ಕಾಯುತ್ತಿರುತ್ತದೆ, ಓದುವವನು ಬಂದ ದಿನ ಎದ್ದು ಕೂಡುತ್ತದೆ.

ಆದ್ದರಿಂದ ಮುಖ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಮುಖ ಗೊತ್ತಿದ್ದು, ಅದಕ್ಕೆ ಜಾಗ ಕೊಡದೆ ಇದ್ದಲ್ಲಿ ಮುಖವೇ ಬೇಕು. ಮುಖ ಗೊತ್ತಿಲ್ಲದ ಕಡೆ ಮುಖ ಹುಟ್ಟಿಸುವ ಮೊದಲು ಯೋಚಿಸಬೇಕು. ಹುಟ್ಟಿಸಿದ ಮುಖ ಸುಮ್ಮನೆ ಇರುವುದಿಲ್ಲ. ಹುಟ್ಟಿಸಿದವರ ಜಾತಿಯನ್ನೋ ಪಕ್ಷವನ್ನೋ ಹೋಲತೊಡಗುತ್ತದೆ.

*

ಮುಂಡರಗಿಯ ಭೀಮರಾಯನನ್ನು ತೆಗೆದುಕೊಳ್ಳಿ. ಕಂಪನಿ ಸರ್ಕಾರದಲ್ಲಿ ನೌಕರಿ ಮಾಡಿ ಅದರ ವಿರುದ್ಧ ಎದ್ದವನು. 1858ರ ಮೇ ತಿಂಗಳಲ್ಲಿ ಅವನೂ ಹಮ್ಮಿಗಿಯ ಕೆಂಚನಗೌಡನೂ ಬಂಡೆದ್ದು ಡಂಬಳದ ಖಜಾನೆಗೆ ಕೈಹಾಕಿದರು. ಅಲ್ಲಿಂದ ಆಗ ನಿಜಾಮ ಸಂಸ್ಥಾನದಲ್ಲಿದ್ದ ಕೊಪ್ಪಳದ ಕೋಟೆ ಹಿಡಿದರು. ಜೂನ್ ಆರಂಭದಲ್ಲಿ ಕೋಟೆಗೆ ಮುತ್ತಿಗೆ ಬಿತ್ತು, ಇಬ್ಬರೂ ಅಲ್ಲೇ ಮಡಿದರು. ಸೆರೆಸಿಕ್ಕ ಎಷ್ಟೋ ಜನಕ್ಕೆ ಸೈನಿಕ ನ್ಯಾಯಾಲಯ ಮರಣದಂಡನೆ ಕೊಟ್ಟಿತು. ಅದೇ ಜೂನ್ 12ರಂದು ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ಭೀಮರಾಯನಿಗೆ ಪುತ್ಥಳಿ ಮಾಡಿಸಲು ಹೊರಟ ಶಿಲ್ಪಿ ಏನು ಮಾಡಬೇಕು? ಮೀಸೆ, ರುಮಾಲು, ಖಡ್ಗ, ಹಿಂಗಾಲ ಮೇಲೆ ನಿಂತ ಕುದುರೆ ಎಂಬ ಸಿದ್ಧ ಮಾದರಿಗೆ ಕೈಚಾಚಬೇಕು. ಆಗ ಭೀಮರಾಯನಿಗೂ ಬಾಬಾಸಾಹೇಬನಿಗೂ ಇನ್ಯಾವುದೋ ಸರ್ಕಲ್ಲಿನ ಇನ್ಯಾವುದೋ ವೀರನಿಗೂ ಏನು ವ್ಯತ್ಯಾಸ ಉಳಿಯಿತು? ವೀರಗಲ್ಲಿನ ಮುಖಗಳೂ ಒಂದೇ ತೆರ ಇದ್ದವಲ್ಲ ಎಂದು ಕೇಳಬಹುದು. ಹೌದು, ಆದರೆ ವೀರಗಲ್ಲು ಇದು ಅವನ ಮುಖ ಎಂದು ಹೇಳಿಕೊಳ್ಳಲಿಲ್ಲ. ಅವನು ಯಾವ ಕಾಳಗದಲ್ಲಿ, ಯಾರಿಗಾಗಿ ಸತ್ತ ಎಂದು ಹೇಳಿತು. ಸರ್ಕಲ್ಲಿನ ಕುದುರೆ ಆ ಕಾಳಗವನ್ನು ಹೇಳದೆ, ಗೊತ್ತಿಲ್ಲದ ಮುಖವನ್ನು ಗೊತ್ತಿದೆ ಎನ್ನುತ್ತದೆ. ಭೀಮರಾಯ ಒಬ್ಬನೇ ಕುದುರೆ ಮೇಲೆ ನಿಂತರೆ ಅವನ ಜೊತೆ ಸತ್ತವರು, ಗುಂಡಿಗೆ ಎದೆಯೊಡ್ಡಿದವರು ಎಲ್ಲಿ ಹೋದರು? ಅವರಿಗೆ ಕುದುರೆ ಇರಲಿಲ್ಲ, ಆದ್ದರಿಂದ ಪುತ್ಥಳಿಯೂ ಇಲ್ಲ. ಅವರಿಗೆ ಬೇಕಾದದ್ದು ಹೆಸರು ಬರೆದ ಗೋಡೆ. ದಫ್ತರಗಳಲ್ಲಿ ಸಿಕ್ಕಷ್ಟು ಹೆಸರು, ಸಿಗದವರಿಗಾಗಿ ಬಿಟ್ಟ ಖಾಲಿ ಕಲ್ಲು. ಡಂಬಳ, ಹಮ್ಮಿಗಿ, ಮುಂಡರಗಿ, ಕೊಪ್ಪಳ, ಈ ದಾರಿಯುದ್ದಕ್ಕೂ ಎಲ್ಲಿ ಏನಾಯಿತು ಎಂದು ಹೇಳುವ ಒಂದೊಂದು ಕಲ್ಲು. ಶಾಲೆಯ ಮಕ್ಕಳು ಒಂದು ದಿನದಲ್ಲಿ ನಡೆದೋ ಬಸ್ಸಿನಲ್ಲೋ ಸುತ್ತಿ ಬರಬಹುದಾದ ಸ್ಮಾರಕ ಅದು.

ಇಂಥದ್ದನ್ನು ಜನ ಮಾಡಬಲ್ಲರು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಯ ಮೇಲಿನ ಆಲದ ಮರಕ್ಕೆ ಇವತ್ತಿಗೂ ಮಕ್ಕಳಾಗಲೆಂದು ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. 2021ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ, ಬೆಳಗಾವಿಯಲ್ಲಿ ರಾಯಣ್ಣನ ಪ್ರತಿಮೆಗೆ ಪೆಟ್ಟು ಬಿದ್ದಾಗ ಎರಡು ಭಾಷೆಯವರು ಬೀದಿಗಿಳಿದರು. ಆಲದ ಮರದ ಕೆಳಗೆ ತೊಟ್ಟಿಲು ಕಟ್ಟುವ ತಾಯಂದಿರು ಯಾರೊಂದಿಗೂ ಜಗಳಕ್ಕೆ ಬಂದಿಲ್ಲ. ಹಲಗಲಿಯ ಬೇಡರು 1857ರಲ್ಲಿ ಹತಾರ ಒಪ್ಪಿಸಲಾರೆವೆಂದು ಸತ್ತರು. ಅವರಿಗೆ ಮೊದಲ ಸ್ಮಾರಕ ಕಟ್ಟಿದವರು ಲಾವಣಿಕಾರರು. ಇಂಗ್ಲಿಷ್ ಅಧಿಕಾರಿಯಾಗಿದ್ದ ಫ್ಲೀಟ್ ಕೂಡ ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಬೇಕಾಯಿತು.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇಲ್ಲಿ ನೆನೆಯಬೇಕು. ಪಂಚಾಕ್ಷರ ಗವಾಯಿಗಳು 1944ರಲ್ಲಿ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಂಡರು. ಗುರುಶಿಷ್ಯರಿಬ್ಬರೂ ಅಂಧರು. ಅವರು ಸಾಕಿ ಸಂಗೀತ ಕಲಿಸಿದ ಮಕ್ಕಳಲ್ಲಿ ಬಹಳ ಜನ ಅಂಧರು, ಅನಾಥರು. ಆ ಮಕ್ಕಳಿಗೆ ಗುರುವಿನ ಭಾವಚಿತ್ರ ಏನನ್ನೂ ಹೇಳಲಾರದು. ಅವರಿಗೆ ಗುರುವಿನ ಗುರುತು ಗದ್ದುಗೆಯ ತಣ್ಣನೆಯ ಕಲ್ಲು, ಹಾರ್ಮೋನಿಯಂ, ತಬಲಾ, ಬೆಳಗಿನ ಸಾಧನೆಯ ಷಡ್ಜ. ಸ್ಮಾರಕಗಳ ವಿನ್ಯಾಸ ಮಾಡುವ ಸಮಿತಿಗಳು ಒಮ್ಮೆ ಅಲ್ಲಿ ಕುಳಿತು ಸಭೆ ಮಾಡಬೇಕು. ಕಣ್ಣಿಲ್ಲದವನಿಗೆ ಈ ಸ್ಮಾರಕ ಏನು ಕೊಡುತ್ತದೆ, ಓದು ಬಾರದವಳಿಗೆ ಏನು ಕೊಡುತ್ತದೆ, ಬೇರೆ ಜಾತಿ ಬೇರೆ ಧರ್ಮದವನು ಇದರ ಹತ್ತಿರ ಬಂದು ಕೈ ಹಚ್ಚಬಹುದೇ ಎಂಬ ಮೂರು ಪ್ರಶ್ನೆ ಕೇಳಿಕೊಂಡರೆ ಎತ್ತರದ ಜಗಳ ಅರ್ಧ ಕಡಿಮೆಯಾದೀತು.

ಅದಕ್ಕೂ ಮುಂಚೆ ಮಾಡಬಹುದಾದ ಅಗ್ಗದ ಕೆಲಸ ಒಂದಿದೆ. ನಮ್ಮ ಹಳ್ಳಿಗಳ ಅಗಸಿಗಳಲ್ಲಿ, ಹೊಲದ ಬದುಗಳಲ್ಲಿ, ಹಳೆಯ ಗುಡಿಗಳ ಹಿಂದೆ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಬಿದ್ದಿವೆ. ಕೆಲವಕ್ಕೆ ಸುಣ್ಣ ಬಳಿದಿದ್ದಾರೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಇನ್ನೊಂದು ಪುತ್ಥಳಿಗೆ ಪಟ್ಟಿ ಎತ್ತುವ ಮೊದಲು, ಊರಿನ ಶಾಲೆಯ ಮಾಸ್ತರರೂ ಮಕ್ಕಳೂ ಸೇರಿ ಅವುಗಳನ್ನು ಎತ್ತಿ ನಿಲ್ಲಿಸಲಿ. ಬರಹವಿದ್ದರೆ ಬಲ್ಲವರಿಂದ ಓದಿಸಿ, ಈಗಿನ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಪಕ್ಕದಲ್ಲಿ ಹಚ್ಚಲಿ. ಯಾರದೋ ದನ ಬಿಡಿಸಲು ಹೋಗಿ ಸತ್ತ ಆ ಮನುಷ್ಯನ ಹೆಸರನ್ನು ಅವನ ಊರಿನ ಮಗುವೊಂದು ಗಟ್ಟಿಯಾಗಿ ಓದಲಿ. ಸಾವಿರ ವರ್ಷದಿಂದ ಆ ಕಲ್ಲು ಕೇಳುತ್ತಿರುವುದು ಅಷ್ಟನ್ನೇ.